ರಾಣಿ ಎಲ್ಲಿ? ಭಾಗ 3: ಗಿಳಿಪಾಠ ಬಿಡ್ರೋ

"ಎಂಟಿದ್ರೆ ಫಿನೆಸ್, ಒಂಬತ್ತಿದ್ರೆ ಬೇಡ." ಬ್ರಿಜ್ ಕಲಿತ ಎರಡನೇ ವಾರಕ್ಕೇ ಇದನ್ನ ಬಾಯಿಪಾಠ ಮಾಡ್ತೀರಿ. ಆಮೇಲೆ ತಲೆಗೆ ರಜಾ! ರಾಣಿ ಬೀಳದಿದ್ರೆ "ನಸೀಬು ಕೆಟ್ಟಿತ್ತು ಮಗಾ" ಅಂತೀರಿ. ನಸೀಬಲ್ಲ, ಸೋಮಾರಿತನ.

ನಿಯಮ ಸುಳ್ಳು ಅಂತಲ್ಲ. ಬೇರೇನೂ ಗೊತ್ತಿಲ್ಲದಿದ್ರೆ, ಎರಡನೇ ಸುತ್ತಲ್ಲಿ ರಾಣಿ ಬೀಳೋ ಸಾಧ್ಯತೆ 52, ಫಿನೆಸ್ ಗೆಲ್ಲೋದು 48. ಇಷ್ಟೇ ಅಂತರ! ಆದ್ರೆ ಬೇರೇನೂ ಗೊತ್ತಿಲ್ಲ ಅಂತ ಯಾರು ಹೇಳಿದ್ದು?

ನಿಮ್ಮದು 4 ಇಸ್ಪೀಟು. ಕೈಲಿ ಎಕ್ಕ, ಗುಲಾಮ ಸೇರಿ ಐದು, ಡಮ್ಮೀಲಿ ರಾಜ ಸೇರಿ ನಾಲ್ಕು. ಎಡಗಡೆಯವನೇ ಡೀಲರ್, ಪಾಸ್ ಅಂದಿದ್ದ. ಆಟೀನ್ ಎಕ್ಕ, ರಾಜ ಎರಡೂ ಅವನೇ ಹೊಡೆದ. ಮೂರನೇ ಆಟೀನು ನೀವು ತುರುಫಲ್ಲಿ ಹೊಡೆದ್ರಿ. ಈಗ ತುರುಫು ಎಳೆಯೋಕೆ ಅವಸರ ಬೇಡ, ಮೊದಲು ಡೈಮಂಡ್ ಆಡಿ ನೋಡಿ. ಅದರ ಎಕ್ಕಾನೂ ಅವನ ಹತ್ರಾನೇ! ಮೂರು ಟ್ರಿಕ್ ಹೋಯ್ತು, ಇನ್ನೊಂದು ಹೋದ್ರೆ ಕಾಂಟ್ರಾಕ್ಟ್ ಮುಳುಗ್ತು.

ಕೂಡ್ರಪ್ಪ: 4+3+4 = 11. ರಾಣೀದು 2 ಸೇರಿಸಿದ್ರೆ 13. ಅಷ್ಟಿಟ್ಕೊಂಡು ಯಾವನು ಪಾಸ್ ಅಂತಾನೆ? ರಾಣಿ ಬಲಗಡೆ ಕೂತಿದ್ದಾಳೆ. ಡಮ್ಮಿ ರಾಜನಿಂದ ಒಂದು ಸುತ್ತು, ಆಮೇಲೆ ಡಮ್ಮಿಯಿಂದಲೇ ಚಿಕ್ಕೆಲೆ, ಬಲಗಡೆಯವನು ಚಿಕ್ಕದು ಹಾಕಿದ್ರೆ ನಿಮ್ಮ ಗುಲಾಮ. ಒಂಬತ್ತು ಎಲೆ ಇದ್ರೂನು.