ಪಂಡಿತೆ ಎಂದು ಕರೆಯುವ ಮೊದಲು

2025ರ ನವೆಂಬರ್ 1ರಂದು, ಸಕಲ ಸಂತರ ಮಹೋತ್ಸವದ ದಿನ, ಜಗದ್ಗುರು ಹದಿನಾಲ್ಕನೆಯ ಲಿಯೋರವರು ಇಂಗ್ಲೆಂಡಿನ ಸಂತ ಜಾನ್ ಹೆನ್ರಿ ನ್ಯೂಮನ್‌ರನ್ನು 'ಧರ್ಮಸಭೆಯ ಪಂಡಿತ'ರೆಂದು ಘೋಷಿಸಿದರು. ಇದೇ ನ್ಯೂಮನ್‌ರ ಪತ್ರಗಳನ್ನು 1920ರ ದಶಕದಲ್ಲಿ ಜರ್ಮನ್ ಭಾಷೆಗೆ ತಂದ ವಿದುಷಿಯೊಬ್ಬರಿಗೂ ಈ ಬಿರುದು ಸಲ್ಲಬೇಕೆಂದು ಕಾರ್ಮೆಲ್ ಸಭೆಯ ಮಹಾಶ್ರೇಷ್ಠರು 2024ರ ಏಪ್ರಿಲ್ 18ರಂದು ಅಂದಿನ ಜಗದ್ಗುರು ಫ್ರಾನ್ಸಿಸರಿಗೆ ಮನವಿ ಸಲ್ಲಿಸಿದ್ದರು. ಆಕೆ ಎಡಿತ್ ಸ್ಟೈನ್. ಸಂನ್ಯಾಸದ ಹೆಸರಿನಿಂದ ಶಿಲುಬೆಯ ಸಂತ ತೆರೇಸಾ ಬೆನೆದಿಕ್ತಾ.

ಯಾರ ಬೋಧನೆಯಿಂದ ಇಡೀ ಧರ್ಮಸಭೆ ಸರ್ವಕಾಲಕ್ಕೂ ಪಾಠ ಕಲಿಯಬಹುದೋ ಅಂಥವರಿಗೆ ಮೀಸಲಾದ ಬಿರುದು ಇದು. 1970ರವರೆಗೆ ಯಾವ ಸ್ತ್ರೀಗೂ ಇದು ದೊರೆತಿರಲಿಲ್ಲ. ಬಿರುದು ನೀಡುವುದು ಜಗದ್ಗುರುಗಳ ಅಧಿಕಾರಕ್ಕೆ ಸೇರಿದ ವಿಷಯ. ಆದರೆ ಈಕೆಯನ್ನು ಪಂಡಿತೆ ಎಂದು ಕರೆದರೆ ನಾವು ಆಕೆಯಿಂದ ಕಲಿಯಬೇಕಾದುದೇನು ಎಂಬ ಪ್ರಶ್ನೆ ನಮ್ಮೆಲ್ಲರದು.

1891ರ ಅಕ್ಟೋಬರ್ 12ರಂದು ಬ್ರೆಸ್ಲೌ ನಗರದ ಯೆಹೂದಿ ಮನೆತನದಲ್ಲಿ ಜನಿಸಿದ ಎಡಿತ್, ಎಳೆಯ ಹರೆಯದಲ್ಲೇ ಪ್ರಾರ್ಥನೆಯನ್ನು ತೊರೆದವರು. ಮಹಾದಾರ್ಶನಿಕ ಹುಸ್ಸರ್ಲ್‌ರ ಶಿಷ್ಯೆಯಾಗಿ, ಪರಾನುಭೂತಿಯನ್ನು ಕುರಿತ ಪ್ರಬಂಧಕ್ಕೆ 1916ರಲ್ಲಿ ಅತ್ಯುನ್ನತ ಶ್ರೇಣಿಯ ಡಾಕ್ಟರೇಟ್ ಪಡೆದು, ಅದೇ ಗುರುವಿನ ಸಹಾಯಕಿಯಾದರು. ಆದರೂ ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಲಿಲ್ಲ. ಆಕೆ ಸರಕಾರಕ್ಕೆ ದೂರಿತ್ತರು. ಹೆಣ್ಣಾಗಿರುವುದು ಅಧ್ಯಾಪನಕ್ಕೆ ಅಡ್ಡಿಯಲ್ಲವೆಂದು 1920ರಲ್ಲಿ ಆದೇಶ ಹೊರಟಿತಾದರೂ ಅದರ ಫಲ ಆಕೆಗೆ ಸಿಗಲಿಲ್ಲ.

1921ರ ಬೇಸಗೆಯಲ್ಲಿ ಅವಿಲಾದ ಸಂತ ತೆರೇಸಾರ ಆತ್ಮಕಥೆಯನ್ನು ಓದಿದ ಎಡಿತ್, 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ಮುಂದಿನ ವರ್ಷದಿಂದ 1931ರವರೆಗೆ ಸ್ಪೇಯರ್ ಪಟ್ಟಣದ ದೊಮಿನಿಕನ್ ಭಗಿನಿಯರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಹಗಲು ತರಗತಿ, ಉಳಿದ ವೇಳೆಯಲ್ಲಿ ದೀರ್ಘ ಪ್ರಾರ್ಥನೆ ಮತ್ತು ಸಂತ ತೋಮಸ್ ಅಕ್ವಿನಾಸರ 'ಸತ್ಯವನ್ನು ಕುರಿತು' ಗ್ರಂಥದ ಅನುವಾದ. ಪಾಂಡಿತ್ಯವನ್ನೂ ದೇವರ ಸೇವೆಯಾಗಿ ನಡೆಸಬಹುದೆಂಬುದು ಅಕ್ವಿನಾಸರ ಅಧ್ಯಯನದಿಂದಲೇ ಆಕೆಗೆ ಮನವರಿಕೆಯಾಯಿತು. ನಿರಾಕರಿಸಲ್ಪಟ್ಟ ಪ್ರತಿಭೆ ಕಹಿಯಾಗದೆ ಶಾಲಾ ಮಕ್ಕಳಿಗೆ ಸಮರ್ಪಿತವಾಯಿತು ಎಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸುವ ನಾವು ವಿಶೇಷವಾಗಿ ಗಮನಿಸಬೇಕು.

1932ರಲ್ಲಿ ಮ್ಯೂನ್‌ಸ್ಟರ್‌ನಲ್ಲಿ ದೊರೆತ ಉಪನ್ಯಾಸಕ ಹುದ್ದೆಯನ್ನು ಮರುವರ್ಷವೇ ನಾಜಿ ಆಡಳಿತ ಕಸಿದುಕೊಂಡಿತು. ಈ ಬಾರಿಯ ಕಾರಣ ಯೆಹೂದಿ ಜನನ. 1933ರ ಏಪ್ರಿಲ್‌ನಲ್ಲಿ ಎಡಿತ್ ಜಗದ್ಗುರು ಹನ್ನೊಂದನೆಯ ಪಿಯುಸ್‌ರಿಗೆ ಪತ್ರ ಬರೆದರು. ಯೆಹೂದ್ಯರ ಮೇಲಿನ ದ್ವೇಷದ ಹೊಣೆ ಮೌನವಾಗಿರುವವರ ಮೇಲೂ ಬೀಳುತ್ತದೆ, ಧರ್ಮಸಭೆ ಬಾಯಿ ತೆರೆಯಬೇಕು ಎಂಬುದು ಅದರ ಸಾರ. ಆಶೀರ್ವಾದ ಬಂತು, ಆಕೆ ಬಯಸಿದ ಬಹಿರಂಗ ಖಂಡನೆ ಆಗ ಬರಲಿಲ್ಲ. ನಾಜಿ ಸಿದ್ಧಾಂತವನ್ನು ಖಂಡಿಸುವ ವಿಶ್ವಪತ್ರ ಹೊರಟದ್ದು 1937ರಲ್ಲಿ. ರೋಮಿನ ಪತ್ರಾಗಾರದಲ್ಲಿದ್ದ ಎಡಿತ್‌ರ ಪತ್ರ ಲೋಕಕ್ಕೆ ತಿಳಿದದ್ದು 2003ರಲ್ಲಿ. ಅಷ್ಟರಲ್ಲಿ, 1998ರಲ್ಲಿ, ಆಕೆ ಸಂತಪದವಿಗೇರಿ ಆಗಿತ್ತು.

ಮಾತನಾಡಿದ್ದರೆ ಇನ್ನೂ ಹೆಚ್ಚಿನ ಅನಾಹುತವಾಗುತ್ತಿತ್ತು ಎಂದು ಮೌನವನ್ನು ಸಮರ್ಥಿಸುವವರು ಎಡಿತ್‌ರ ಸಾವನ್ನೇ ಉದಾಹರಿಸುತ್ತಾರೆ. 1933ರ ಅಕ್ಟೋಬರ್‌ನಲ್ಲಿ ಕಲೋನಿನ ಕಾರ್ಮೆಲ್ ಮಠವನ್ನು ಸೇರಿದ್ದ ಆಕೆಯನ್ನು 1938ರ ಕೊನೆಯ ದಿನ ರಕ್ಷಣೆಗಾಗಿ ಹಾಲೆಂಡಿನ ಎಖ್ತ್ ಮಠಕ್ಕೆ ಸಾಗಿಸಲಾಗಿತ್ತು. 1942ರ ಜುಲೈ 26ರಂದು ಆ ದೇಶದ ಧರ್ಮಾಧ್ಯಕ್ಷರು ಯೆಹೂದ್ಯರ ಗಡೀಪಾರನ್ನು ಖಂಡಿಸುವ ಪತ್ರವನ್ನು ದೇವಾಲಯಗಳಲ್ಲಿ ಓದಿಸಿದರು. ಅದಕ್ಕೆ ಪ್ರತೀಕಾರವಾಗಿ ಆಗಸ್ಟ್ 2ರಂದು ಕಥೋಲಿಕ ಯೆಹೂದ್ಯರ ಬಂಧನವಾಯಿತು. ಎಡಿತ್ ಮತ್ತು ಸಹೋದರಿ ರೋಸಾ ಆಗಸ್ಟ್ 9ರಂದು ಆಶ್ವಿಟ್ಸ್‌ನಲ್ಲಿ ಹತರಾದರು.

ಮಾತಿಗೆ ಬೆಲೆ ತೆರಬೇಕಾಯಿತು ಎಂಬುದು ನಿಜ. ಆದರೆ ಮಾತಿಲ್ಲದೆಯೇ ಲಕ್ಷಾಂತರ ಯೆಹೂದ್ಯರು ಹತರಾದರು ಎಂಬುದೂ ಅಷ್ಟೇ ನಿಜ. ಮಾತನಾಡಿರೆಂದು ಬೇಡಿದ ಎಡಿತ್, ಒಂಬತ್ತು ವರ್ಷಗಳ ತರುವಾಯ ಇತರರ ಮಾತಿನ ಬೆಲೆಯನ್ನು ತನ್ನ ಪ್ರಾಣದಿಂದ ತೆತ್ತರು. ಹೀಗಿರುವಾಗ, ಆಕೆಯ ಸಾವನ್ನು ಮೌನದ ಪರವಾದ ಸಾಕ್ಷ್ಯವಾಗಿ ಬಳಸುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ಆಕೆ ಕೊಲ್ಲಲ್ಪಟ್ಟದ್ದು ಯೆಹೂದಿಯಾಗಿ, ಆದ್ದರಿಂದ ಕ್ರೈಸ್ತರು ಆಕೆಯನ್ನು ತಮ್ಮ ರಕ್ತಸಾಕ್ಷಿಯೆನ್ನುವುದು ಸರಿಯಲ್ಲವೆಂದು ಯೆಹೂದಿ ಬಂಧುಗಳು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಸತ್ಯಾಂಶವಿದೆ. ಎಡಿತ್ ತನ್ನ ಜನರಿಂದ ತನ್ನನ್ನು ಎಂದೂ ಬೇರ್ಪಡಿಸಿಕೊಂಡವರಲ್ಲ. ಹೊಸ ಬಿರುದು ಈ ಸತ್ಯವನ್ನು ಮರೆಸಬಾರದು.

ಪಂಡಿತೆ ಎಂದು ಕರೆಯುವವರು ಶಿಷ್ಯರಾಗಿ ಕುಳಿತುಕೊಳ್ಳಬೇಕು. ಆಕೆಯ ದರ್ಶನಗ್ರಂಥಗಳು ಎಲ್ಲರಿಗೂ ಸುಲಭವಲ್ಲ. ಪತ್ರವಾದರೋ ಎಲ್ಲರಿಗೂ ಅರ್ಥವಾಗುವಂಥದು. ಆಗಸ್ಟ್ 9ರ ಸ್ಮರಣೆಯಂದು ನಮ್ಮ ಧರ್ಮಕೇಂದ್ರಗಳ ಯುವಜನರ ಕೂಟಗಳಲ್ಲಿ ಆ ಪತ್ರವನ್ನು ಓದಿಸಿ, ನಮ್ಮ ನೆರೆಯವರ ವಿಷಯದಲ್ಲಿ ನಾವೆಲ್ಲಿ ಸುಮ್ಮನಿದ್ದೇವೆ ಎಂದು ಕೇಳಿಕೊಂಡರೆ, ಬಿರುದು ಬರುವುದಕ್ಕೆ ಮೊದಲೇ ಪಾಠ ಆರಂಭವಾದಂತೆ.