ಕಾನೂನು ಪಾಠ ಮೊಬೈಲಿಗೆ ಬಂತು, ಕ್ಲಾಸು ಬದಲಾಯ್ತಾ?

ಗಿರಾಕಿ ಕೊಟ್ಟ ಚೆಕ್ ಬ್ಯಾಂಕಿನಿಂದ ವಾಪಸ್ ಬಂದರೆ ಅಂಗಡಿಯವರು ಮೊದಲು ಹೋಗೋದು ತಾಲ್ಲೂಕು ಕೋರ್ಟಿನ ವಕೀಲರ ಹತ್ರ. ಆ ವಕೀಲರಿಗೆ ದಿನಗಳ ಲೆಕ್ಕ ಬಾಯಿಗೆ ಬರಬೇಕು. ಒಂದು ದಿನ ತಪ್ಪಿದರೂ ಕೇಸು ಕುಂಟುತ್ತೆ. ಹಾಗಾಗಿ ಕಾನೂನು ಕಾಲೇಜಿನಲ್ಲಿ ಪಾಠ ಹೇಗೆ ನಡೀತಿದೆ ಅನ್ನೋದು ಕಾಲೇಜಿನವರ ತಲೆನೋವು ಮಾತ್ರ ಅಲ್ಲ.

ಈಗ ಪಾಠದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ. ಇದರ ಜೊತೆ ಕೇಳಿಬರುವ ಹೆಸರು ‘ಫ್ಲಿಪ್ಡ್ ಕ್ಲಾಸ್‌ರೂಮ್’, ಅಂದರೆ ಉಲ್ಟಾ ಕ್ಲಾಸು. ಮೇಷ್ಟ್ರ ವಿವರಣೆಯನ್ನು ಮನೆಯಲ್ಲೇ ನೋಡಿಕೊಂಡು ಬರೋದು, ಮನೆಗೆಲಸವನ್ನು ಕ್ಲಾಸಿನಲ್ಲಿ ಮೇಷ್ಟ್ರ ಎದುರೇ ಮಾಡೋದು. ಅಮೆರಿಕದ ಕೊಲರಾಡೋದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಅನ್ನೋ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರು 2007ರ ಹೊತ್ತಿಗೆ, ಕ್ಲಾಸು ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡಲು ಶುರು ಮಾಡಿದರು. ಆಮೇಲೆ ಅದೇ ಒಂದು ಪದ್ಧತಿಯಾಯ್ತು.

ನಮ್ಮ ಕಡೆ ವಿಡಿಯೋ ಅಭ್ಯಾಸ ಬಂದಿದ್ದು ಕೊರೋನಾ ಕಾಲದಲ್ಲಿ. ಒಂದು ಗಂಟೆಯ ಉಪನ್ಯಾಸವನ್ನೇ ಒಂದು ಗಂಟೆಯ ವಿಡಿಯೋ ಮಾಡಿ ಗ್ರೂಪಿಗೆ ಹಾಕೋದು. ಸ್ಕ್ರೀನ್ ತುಂಬಾ ಇಂಗ್ಲಿಷ್ ಅಕ್ಷರ, ಹಿಂದೆ ಫ್ಯಾನ್ ಸದ್ದು. ಅದನ್ನು ಪೂರ್ತಿ ನೋಡಿದವರು ಎಷ್ಟು ಜನ? ಎಡ್ಎಕ್ಸ್ ಕೋರ್ಸುಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಪರಿಶೀಲಿಸಿ 2014ರಲ್ಲಿ ಬಂದ ಅಧ್ಯಯನ ಒಂದಿದೆ. ಆರು ನಿಮಿಷದೊಳಗಿನ ವಿಡಿಯೋಗೇ ಜನ ಹೆಚ್ಚು ಅಂಟಿಕೊಂಡಿದ್ದರು, ಉದ್ದ ಆದಷ್ಟೂ ಅರ್ಧಕ್ಕೇ ಬಿಟ್ಟಿದ್ದರು. ಬರೀ ಸ್ಲೈಡ್ ತೋರಿಸುವುದಕ್ಕಿಂತ ಕೈಯಲ್ಲಿ ಬರೆಯುತ್ತಾ ಹೇಳೋದು ಹೆಚ್ಚು ಹಿಡಿಸಿತ್ತು ಅಂತಲೂ ಅದರಲ್ಲಿದೆ.

ಚೆಕ್ ಬೌನ್ಸ್ ಪಾಠವನ್ನೇ ತಗೊಳ್ಳಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಇಡೀ ಕಾಯ್ದೆಯ ಇತಿಹಾಸ ಹೇಳುತ್ತಾ ಕೂತರೆ ಹುಡುಗರು ನಿದ್ದೆ ಹೋಗ್ತಾರೆ. ಬದಲಿಗೆ ಒಂದು ಬಿಳಿ ಹಾಳೆ ಮೇಲೆ ಉದ್ದ ಗೆರೆ ಎಳೆದು ತೋರಿಸಬಹುದು. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಆದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಎದುರಿನವರಿಗೆ ದುಡ್ಡು ಕೊಡಲು 15 ದಿನ ಅವಕಾಶ. ಕೊಡದಿದ್ದರೆ ಆ ನಂತರದ ಒಂದು ತಿಂಗಳಲ್ಲಿ ದೂರು. ಆರು ನಿಮಿಷಕ್ಕೆ ಇಷ್ಟು ಸಾಕು. ಕೊನೆಗೆ ಒಂದು ಪ್ರಶ್ನೆ ಬಿಡಬೇಕು: 15 ದಿನ ಮುಗಿಯೋ ಮೊದಲೇ ದೂರು ಕೊಟ್ಟರೆ ಏನಾಗುತ್ತೆ? ಅಂಥ ದೂರು ನಿಲ್ಲೋದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದರೆ ಉತ್ತರ ವಿಡಿಯೋದಲ್ಲಿ ಇರಬಾರದು, ಅದಕ್ಕೆ ಹುಡುಗರು ಕ್ಲಾಸಿಗೇ ಬರಬೇಕು.

ಅಸಲಿ ಕೆಲಸ ಇರೋದು ಕ್ಲಾಸಿನಲ್ಲಿ. ಬ್ಯಾಂಕಿನ ಮೆಮೊ, ಅಂಚೆ ರಸೀದಿಯ ಜೆರಾಕ್ಸ್ ಕೊಟ್ಟು ನೋಟಿಸ್ ಬರೆಸಬೇಕು. ಒಬ್ಬ ಫಿರ್ಯಾದಿ ಪರ, ಇನ್ನೊಬ್ಬ ಆರೋಪಿ ಪರ ನಿಂತು ವಾದ ಮಾಡಬೇಕು. ಮನೆಯಲ್ಲಿ ವಿಡಿಯೋ ನೋಡಿಸಿ, ಕ್ಲಾಸಿನಲ್ಲಿ ಮತ್ತೆ ಅದೇ ನೋಟ್ಸ್ ಓದಿ ಹೇಳಿದರೆ ಉಲ್ಟಾ ಏನು ಬಂತು, ಎರಡು ಸಲ ಬೋರು ಅಷ್ಟೇ.

ಭಾಷೆಯ ಮಾತೂ ಇದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಯೂಟ್ಯೂಬಿನ ಕಾನೂನು ಪಾಠ ಹೆಚ್ಚಿನವು ಇಂಗ್ಲಿಷ್, ಇಲ್ಲಾಂದ್ರೆ ಹಿಂದಿ. ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಾ, ಕಲಮಿನ ಇಂಗ್ಲಿಷ್ ಪದವನ್ನು ಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು. ಎರಡೂ ಕಿವಿಗೆ ಬೀಳುತ್ತೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಇರೋ ಫೋನೇ ಸಾಕು. ಆದರೆ ಅಂಗಿಗೆ ಸಿಕ್ಕಿಸೋ ಮೈಕ್ ಬೇಕೇ ಬೇಕು. ಚಿತ್ರ ಮಸುಕಾದರೆ ಜನ ಸಹಿಸ್ತಾರೆ, ದನಿ ಕೇಳದಿದ್ದರೆ ಮುಚ್ಚಿಬಿಡ್ತಾರೆ.

ಚಿಕ್ಕ ವಿಡಿಯೋದಿಂದ ಇನ್ನೊಂದು ಅನುಕೂಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂ ಇದ್ದದ್ದು 358 ಆಯ್ತು. ಕೊಲೆಯ 302 ಈಗ 103. ಊರಿನವರೆಲ್ಲ ಬೈಯೋಕೆ ಬಳಸೋ 420 ಈಗ 318(4), ಬೈಗುಳ ಮಾತ್ರ ಹಳೇ ನಂಬರಿನಲ್ಲೇ ಇದೆ. ಗಂಟೆಗಟ್ಟಲೆಯ ಹಳೇ ವಿಡಿಯೋಗಳಲ್ಲಿ ಕಲಂ ಸಂಖ್ಯೆ ತಿದ್ದೋಕೆ ಆಗಲ್ಲ. ಆರು ನಿಮಿಷದ್ದಾದರೆ ತೆಗೆದು ಹೊಸದು ಹಾಕಬಹುದು. ಆ ತಾರೀಖಿಗಿಂತ ಮುಂಚಿನ ಅಪರಾಧಗಳಿಗೆ ಹಳೇ ಐಪಿಸಿಯೇ ನಡೆಯೋದರಿಂದ ಹಳೆಯದನ್ನೂ ಬಿಡುವಂತಿಲ್ಲ. ಹಾಗಾಗಿ ಪ್ರತಿ ವಿಡಿಯೋ ಮೇಲೆ ಯಾವ ಕಾಯ್ದೆ, ಯಾವಾಗ ಮಾಡಿದ್ದು ಅಂತ ಬರೆದಿರಬೇಕು.

ವಿಡಿಯೋ ನೋಡಿದ್ದು ಹಾಜರಿಗೆ ಬರೋದಿಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪ್ರತಿ ವಿಷಯಕ್ಕೂ ಶೇ 70ರಷ್ಟು ಹಾಜರಿ ಬೇಕು. ಬೆಳಿಗ್ಗೆ ಅಂಗಡಿ ಕೆಲಸ ಮಾಡಿ ಬಸ್ಸು ಹತ್ತೋ ಹುಡುಗನಿಗೆ ದಾರಿಯಲ್ಲಿ ವಿಡಿಯೋ ನೋಡೋದು ಸುಲಭ. ಆದರೆ ಕ್ಲಾಸು ಮೊದಲಿನ ಹಾಗೇ ಇದ್ದರೆ ಅವನಿಗೆ ಅದು ಇನ್ನೊಂದು ಹೊರೆ.

ಮೇಷ್ಟ್ರ ಕಡೆಯಿಂದಲೂ ನೋಡಬೇಕು. ಆರು ನಿಮಿಷದ ಒಳ್ಳೆ ವಿಡಿಯೋಗೆ ಬರೆಯೋದು, ಹೇಳೋದು, ಕತ್ತರಿಸೋದು ಸೇರಿ ಅರ್ಧ ದಿನ ಹೋಗುತ್ತೆ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯೋ ಅತಿಥಿ ಉಪನ್ಯಾಸಕರಿಗೆ ಆ ಅರ್ಧ ದಿನಕ್ಕೆ ಕಾಸು ಕೊಡೋರು ಯಾರು? ಮೈಕು, ಇಂಟರ್ನೆಟ್ಟಿಗಿಂತ ಮೊದಲು ಆಡಳಿತ ಮಂಡಳಿಗಳು ಉತ್ತರ ಹೇಳಬೇಕಾಗಿರೋದು ಇದಕ್ಕೆ.