ಕೆರೆಯ ಪಾಚಿಯ ಪರವಾಗಿ ಎರಡು ಮಾತು

ಈಚೆಗೆ ಕೆರೆಯನ್ನು ಶುದ್ಧ ಮಾಡುವುದೆಂದರೆ ಯಂತ್ರವನ್ನು ಇಳಿಸಿ, ನೀರಿನೊಳಗಿನ ಗಿಡಗಳನ್ನೆಲ್ಲ ಬೇರುಸಹಿತ ಎತ್ತಿ ದಡಕ್ಕೆ ಹಾಕುವುದು ಎಂದಾಗಿದೆ. ಕಳೆ ಹೋಯಿತೆಂದು ಎಲ್ಲರಿಗೂ ಸಂತೋಷ. ನಾನು ಕಲಾವಿಭಾಗದ ವಿದ್ಯಾರ್ಥಿ. ಸೂಕ್ಷ್ಮದರ್ಶಕದ ಸಹವಾಸ ಕಡಮೆ. ಆದರೂ ಈ ಸಂತೋಷ ಅವಸರದ್ದೆಂದು ಹೇಳಲೇಬೇಕಾಗಿದೆ.

ನೀರಿನಲ್ಲಿ ಮುಳುಗಿ ಬೆಳೆಯುವ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ಗಿಡಗಳ ನಡುವೆ ಬಸವನಹುಳು, ಸಣ್ಣ ಸಿಗಡಿ, ಏರೋಪ್ಲೇನ್ ಚಿಟ್ಟೆಯ ಮರಿ, ಕಚ್ಚದ ಸೊಳ್ಳೆಜಾತಿಯ ಕೆಂಪು ಹುಳು, ಹೀಗೆ ಬೆನ್ನೆಲುಬಿಲ್ಲದ ಜೀವಿಗಳ ದೊಡ್ಡ ಸಂಸಾರವೇ ಉಂಟು. ಗಿಡದಲ್ಲಿರುವುದರಿಂದ ಗಿಡವನ್ನೇ ತಿನ್ನುತ್ತವೆ ಎಂದು ನಾವು ತಿಳಿಯುವುದು ಸಹಜ. ನಿಜಸ್ಥಿತಿ ಬೇರೆ. ಎಲೆಯ ಮೇಲೆ ಕೈಯಾಡಿಸಿದರೆ ಜಾರುವ ತೆಳುವಾದ ಲೋಳೆಯೊಂದು ಇರುತ್ತದಲ್ಲ, ಬಹುಪಾಲು ಜೀವಿಗಳಿಗೆ ಅದೇ ಮುಖ್ಯ ಊಟ. ಗಾಜಿನಂಥ ಚಿಪ್ಪಿನ ಡಯಾಟಮುಗಳು, ಹಸಿರು ಪಾಚಿ, ಬ್ಯಾಕ್ಟೀರಿಯಾ, ಮೇಲಿನಿಂದ ಬಿದ್ದ ಕಸದ ಕಣ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಬಸವನಹುಳು ಅರದಂತಹ ನಾಲಗೆಯಿಂದ ಇದನ್ನು ಕೆರೆದು ತಿನ್ನುತ್ತದೆ. ಗಿಡವೇನಿದ್ದರೂ ಸತ್ತು, ಶಿಲೀಂಧ್ರಗಳು ಅದನ್ನು ಮೆತ್ತಗೆ ಮಾಡಿದ ಮೇಲೆಯೇ ಹೆಚ್ಚಾಗಿ ಊಟವಾಗುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಯಂತೂ ಇದಾವುದನ್ನೂ ಬಯಸದು. ಅದು ತಿನ್ನುವವರನ್ನೇ ತಿನ್ನುವ ಜಾತಿ.

ಇದನ್ನು ಹೊಟ್ಟೆ ಬಗೆದು ನೋಡಿ ಮಾತ್ರ ಹೇಳಿದ್ದಲ್ಲ. ಹೊಟ್ಟೆಯಲ್ಲಿದ್ದುದೆಲ್ಲ ಮೈಗೆ ಹತ್ತುವುದಿಲ್ಲವಷ್ಟೆ! ಪ್ರಾಣಿಯ ಮೈಯಲ್ಲಿ ಇಂಗಾಲ-12 ಮತ್ತು ಇಂಗಾಲ-13 ಇರುವ ಪ್ರಮಾಣ, ಅದು ಅರಗಿಸಿಕೊಂಡ ಆಹಾರದ ಪ್ರಮಾಣವನ್ನೇ ಬಹುಮಟ್ಟಿಗೆ ಹೋಲುತ್ತದೆ. ಈ ಲೆಕ್ಕ ಹಿಡಿದು ನೋಡಿದ ಅನೇಕ ಸರೋವರಗಳಲ್ಲಿ ಸಾಕ್ಷ್ಯ ಪಾಚಿಯ ಕಡೆಗೇ ವಾಲಿದೆ. ಅಪವಾದವಿಲ್ಲದಿಲ್ಲ. ಹೈಡ್ರಿಲ್ಲದ ಎಲೆಯನ್ನೇ ಕೊರೆದು ತಿನ್ನುವ ಸಣ್ಣ ನೊಣದ ಮರಿಯೊಂದಿದೆ. ಭಾರತದಿಂದ ಆ ನೊಣವನ್ನು ಒಯ್ದು 1987 ರಲ್ಲಿ ಅಮೆರಿಕದ ಫ್ಲಾರಿಡದಲ್ಲಿ ಬಿಟ್ಟರು. ಅಲ್ಲಿ ಹೈಡ್ರಿಲ್ಲ ಪರದೇಶದಿಂದ ಬಂದ ಪೀಡೆ. ನಮ್ಮಲ್ಲಿ ಅದು ಮನೆಯದೇ ಗಿಡ.

ಊಟವೆಲ್ಲ ಪಾಚಿಯದಾದರೆ ಗಿಡವೇಕೆ ಎಂದು ಮಿತ್ರರು ಕೇಳಬಹುದು. ಪಾಚಿ ಅಂಟುವುದಕ್ಕೆ ತಾವು ಬೇಡವೆ? ಒಂದೊಂದು ಎಲೆಯೂ ಈ ಜೀವಿಗಳಿಗೆ ಬಡಿಸಿಟ್ಟ ಎಲೆಯೇ ಸರಿ. ಉಂಡವರು ಋಣವನ್ನೂ ತೀರಿಸುತ್ತಾರೆ. ಲೋಳೆ ದಪ್ಪವಾದರೆ ಎಲೆಗೆ ಬಿಸಿಲು ತಾಕುವುದಿಲ್ಲ. ಬಸವನಹುಳು ಕೆರೆದರೆ ಗಿಡ ಉಸಿರಾಡುತ್ತದೆ. ಗಿಡವನ್ನು ಪೂರ್ತಿ ಕಿತ್ತಲ್ಲಿ ಬಸವನಹುಳುವಿಗೂ ಸಿಗಡಿಗೂ ನೆಲೆ ತಪ್ಪುತ್ತದೆ, ಅವನ್ನು ನಂಬಿದ ಮೀನಿಗೂ ಮೇವು ತಪ್ಪುತ್ತದೆ.

ಕಳೆಯನ್ನೆಲ್ಲ ಪೂಜಿಸಿರೆಂದು ನಾನು ಹೇಳುತ್ತಿಲ್ಲ. ತೇಲುವ ಅಂತರಗಂಗೆ ಕೆರೆಯ ಮೇಲೆ ಚಪ್ಪರ ಹಾಕಿ ಬೆಳಕನ್ನೇ ಕದಿಯುತ್ತದೆ, ಅದನ್ನು ತೆಗೆಯತಕ್ಕದ್ದೇ. ಮುಳುಗಿದ ಗಿಡಕ್ಕೂ ಅದೇ ಶಿಕ್ಷೆ ಕೊಡುವುದು ಅನ್ಯಾಯ. 1959 ರಲ್ಲಿ ಈ ದೇಶಕ್ಕೆ ಬಂದ ಹುಲ್ಲುಗೆಂಡೆಯನ್ನು ಲೆಕ್ಕವಿಲ್ಲದೆ ಬಿಡುವುದೂ ಯಂತ್ರ ಇಳಿಸಿದಂತೆಯೇ.

ಪ್ರತಿ ಕೆರೆಯಲ್ಲಿಯೂ ದಡದುದ್ದಕ್ಕೆ ಒಂದು ಪಟ್ಟಿಯನ್ನು ಮುಟ್ಟದೆ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಯಾವ ದಡವೆಂದು ಬಲೆ ಬೀಸುವವರನ್ನು ಕೇಳಿದರೆ ಸಾಕು. ಮರಿಮೀನು ಎಲ್ಲಿ ಮೇಯುತ್ತದೆಂದು ಅವರಿಗೆ ಗೊತ್ತು.